ಮಸಿಬಟ್ಟೆ ಮೇಲೆ ನನಗಿದ್ದ ನಂಬಿಕೆ ಹೋಯಿತು

ಹೊಟ್ಟೆ ಕೆಟ್ಟರೆ ನಾವೆಲ್ಲ ಮೊದಲು ಬೈಯುವುದು ಹೊರಗಿನ ಊಟವನ್ನು, ಅಲ್ವಾ? ನಾನೂ ಅದನ್ನೇ ಮಾಡಿದೆ. ಒಂದು ಬುಧವಾರ ರಾತ್ರಿ ಮಗಳಿಗೆ ಜ್ವರ, ಹೊಟ್ಟೆ ಹಿಂಡುವಂಥ ನೋವು, ಬೆಳಗಾಗುವುದರೊಳಗೆ ಭೇದಿ. ಮಧ್ಯಾಹ್ನದ ಹೊತ್ತಿಗೆ ನಾನೂ ಮಲಗಿದೆ. ಮಂಗಳವಾರ ಸಂಜೆ ಹೋಟೆಲಿನಲ್ಲಿ ತಿಂದಿದ್ದೆವು, ಹಾಗಾಗಿ ತಪ್ಪು ಯಾರದ್ದು ಅಂತ ಹುಡುಕುವ ಕಷ್ಟವೇ ಬರಲಿಲ್ಲ. ಮಲಗಿದಲ್ಲಿಂದಲೇ ಫೋನ್ ತೆಗೆದು ಆ ಹೋಟೆಲಿಗೆ ಒಂದೇ ಒಂದು ಸ್ಟಾರ್ ಹಾಕಿ, ನಾಲ್ಕು ಸಾಲು ಖಾರವಾಗಿಯೇ ಬರೆದೆ.

ಡಾಕ್ಟರು ಮಲ ಪರೀಕ್ಷೆ ಮಾಡಿಸಿದರು. ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಆಮೇಲೆ ಅವರು ಕೇಳಿದ್ದು, "ಭಾನುವಾರ ಏನು ತಿಂದ್ರಿ?"

ಭಾನುವಾರ? ನಾನು ಮಂಗಳವಾರದ ಬಗ್ಗೆ ಮಾತಾಡ್ತಾ ಇದ್ದೀನಿ ಅಂದೆ. ಈ ಬ್ಯಾಕ್ಟೀರಿಯಾ ಒಳಗೆ ಹೋದ ದಿನವೇ ಸಾಮಾನ್ಯವಾಗಿ ಏನೂ ಮಾಡುವುದಿಲ್ಲವಂತೆ, 2ರಿಂದ 5 ದಿನ ಬಿಟ್ಟು ಕಾಡುತ್ತದಂತೆ. ಭಾನುವಾರ ನಮ್ಮ ಮನೆಯಲ್ಲಿ ಕೋಳಿ ಮಾಡಿದ್ದೆವು, ಅಂದರೆ ನಾನು ಮಾಡಿದ್ದೆ. ಆದರೆ ಮಗಳು ಕೋಳಿ ತಿನ್ನುವುದೇ ಇಲ್ಲ. ಅವಳು ತಿಂದಿದ್ದು ಅನ್ನ ಮತ್ತು ನಾನು ಹೆಚ್ಚಿಟ್ಟ ಸೌತೆಕಾಯಿ. ನನ್ನ ಹೆಂಡತಿ ಎರಡು ಸಲ ಕೋಳಿ ಹಾಕಿಸಿಕೊಂಡು ತಿಂದಳು, ಸೌತೆಕಾಯಿ ಮುಟ್ಟಲಿಲ್ಲ. ಕೋಳಿ ತಿಂದವಳು ಆರಾಮಾಗಿ ಓಡಾಡಿಕೊಂಡಿದ್ದಳು. ಸೌತೆಕಾಯಿ ತಿಂದ ನಾವಿಬ್ಬರು ಹಾಸಿಗೆ ಹಿಡಿದಿದ್ದೆವು.

ಅಲ್ಲಿಗೆ ನನಗೆ ಅರ್ಥವಾಯಿತು. ಹಸಿ ಕೋಳಿಯಲ್ಲಿ ಏನೇ ಇದ್ದರೂ ಅದು ಒಲೆ ಮೇಲೆ ಚೆನ್ನಾಗಿ ಬೇಯುತ್ತದೆ, ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ಬ್ಯಾಕ್ಟೀರಿಯಾಗಳು ಉಳಿಯುವುದಿಲ್ಲ. ಸೌತೆಕಾಯಿಯನ್ನು ಯಾರು ಬೇಯಿಸುತ್ತಾರೆ? ಅದರ ಮೇಲೆ ಬಿದ್ದದ್ದು ನೇರವಾಗಿ ಬಾಯಿಗೆ. ಸಲಾಡ್, ಹಣ್ಣು, ಬ್ರೆಡ್ಡು, ಬೇಯಿಸಿ ಇಟ್ಟಿರುವ ಅನ್ನ, ಎಲ್ಲದರ ಕಥೆಯೂ ಇದೇ. ನಾವು ಹುಷಾರಾಗಿರುವುದು ಕೋಳಿ ವಿಷಯದಲ್ಲಿ. ಏಟು ಬೀಳುವುದು ಅದರ ಪಕ್ಕದಲ್ಲಿರುವುದಕ್ಕೆ.

ಆ ಭಾನುವಾರ ನಾನು ಮಾಡಿದ್ದನ್ನು ನೆನಪು ಮಾಡಿಕೊಂಡೆ. ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆದೆ. ಬೋರ್ಡಿನ ಮೇಲೆ ಹಾಕಿ ತುಂಡು ಮಾಡಿದೆ. ಬೋರ್ಡು, ಚಾಕು ಎರಡನ್ನೂ ನೀರಿನಲ್ಲಿ ಜಾಲಾಡಿಸಿದೆ. ಮಸಿಬಟ್ಟೆಯಲ್ಲಿ ಒರೆಸಿದೆ. ಅದೇ ಬಟ್ಟೆಯಲ್ಲಿ ಕಟ್ಟೆಯನ್ನೂ ಒರೆಸಿದೆ. ಕಟ್ಟೆ ಫಳಫಳ ಅಂತಿತ್ತು. ಆಮೇಲೆ ಸೌತೆಕಾಯಿ ಹೆಚ್ಚಿದೆ. ನೋಡಿದವರು ಇವನೆಷ್ಟು ಶುಚಿ ಅನ್ನಬೇಕು, ಹಾಗಿತ್ತು.

ಕೋಳಿ ತೊಳೆಯುವ ವಿಷಯಕ್ಕೆ ಬರುತ್ತೇನೆ, ಇಲ್ಲಿ ಜಗಳಕ್ಕೆ ಬರುವವರು ಜಾಸ್ತಿ ಅಂತ ಗೊತ್ತು. ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸಿಡಿಯುತ್ತದೆ. ನಲ್ಲಿ ಎತ್ತರದಲ್ಲಿದ್ದಷ್ಟೂ, ನೀರು ರಭಸವಾಗಿ ಬಿದ್ದಷ್ಟೂ ಹನಿ ದೂರ ಹಾರುತ್ತದೆ. ಪಕ್ಕದಲ್ಲಿ ತೊಳೆದಿಟ್ಟ ತಟ್ಟೆ, ಲೋಟ ಇದ್ದರೆ ಮುಗಿಯಿತು. ಬ್ರಿಟನ್ನಿನ ಆಹಾರ ಸುರಕ್ಷತಾ ಇಲಾಖೆ 2014ರಲ್ಲಿ, ಹಸಿ ಕೋಳಿ ತೊಳೆಯಬೇಡಿ ಅಂತ ಒಂದು ಪ್ರಚಾರವನ್ನೇ ಮಾಡಿತ್ತು. ವಾಸನೆ ಬರುತ್ತೆ, ರಕ್ತ ಇರುತ್ತೆ, ತೊಳೆಯದೆ ಮನಸ್ಸೇ ಒಪ್ಪಲ್ಲ ಅನ್ನುವವರಿಗೆ ನನ್ನ ವಿರೋಧವಿಲ್ಲ, ನನಗೂ ಒಪ್ಪಿಸಿಕೊಳ್ಳಲು ತಿಂಗಳು ಬೇಕಾಯಿತು. ತೊಳೆಯಲೇಬೇಕು ಅಂದರೆ ಒಂದು ಆಳವಾದ ಪಾತ್ರೆಯಲ್ಲಿ ನೀರು ಹಿಡಿದು ಅದರೊಳಗೆ ಮೆಲ್ಲಗೆ ಅದ್ದಿ ತೆಗೆಯಿರಿ, ನಲ್ಲಿ ಕೆಳಗೆ ಬೇಡ. ಆಮೇಲೆ ಆ ನೀರು ಚೆಲ್ಲಿದ ಸಿಂಕನ್ನು ಸೋಪು ಹಾಕಿ ಉಜ್ಜಬೇಕು. ನಾನೀಗ ಪೇಪರ್ ಟವಲ್ಲಿನಲ್ಲಿ ಒತ್ತಿ ಒರೆಸಿ, ಆ ಪೇಪರನ್ನು ಸೀದಾ ಕಸಕ್ಕೆ ಹಾಕುತ್ತೇನೆ.

ಆದರೆ ತೊಳೆಯುವುದು ಬಿಟ್ಟ ಮಾತ್ರಕ್ಕೆ ಗೆದ್ದೆ ಅಂದುಕೊಳ್ಳಬೇಡಿ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಒಂದು ಅಧ್ಯಯನದ ಫಲಿತಾಂಶ ಹೊರಗೆ ಬಿಟ್ಟಿತು. ಜನರನ್ನು ಕರೆಸಿ ಕೋಳಿ ಅಡುಗೆ, ಜೊತೆಗೆ ಸಲಾಡ್ ಮಾಡಿಸಿ ನೋಡಿದ್ದರು. ಕೋಳಿ ತೊಳೆದವರಲ್ಲಿ ಶೇ. 60 ಜನರ ಸಿಂಕಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಶೇ. 26 ಜನರ ಸಲಾಡ್ ಸೊಪ್ಪಿಗೂ ಅದು ಹೋಗಿತ್ತು. ಸರಿ, ತೊಳೆಯದೇ ಇದ್ದವರದ್ದು? ಅವರಲ್ಲೂ ಶೇ. 31 ಜನರ ಸೊಪ್ಪಿಗೆ ಹಸಿ ಕೋಳಿಯ ಬ್ಯಾಕ್ಟೀರಿಯಾ ತಲುಪಿತ್ತು! ಸಿಡಿಯದಿದ್ದರೆ ಕೈ ಇದೆಯಲ್ಲ, ಸಾಗಿಸುವುದಕ್ಕೆ.

ಕೈ ಅಂದಾಗ ಗ್ಲಿಟರ್ ಕಥೆ ಹೇಳಲೇಬೇಕು. ಹುಷಾರಾದ ಮೇಲೆ ಮಗಳು ಶಾಲೆಯ ಕ್ರಾಫ್ಟ್ ಡಬ್ಬದಿಂದ ಹಸಿರು ಗ್ಲಿಟರ್ ಪುಡಿ ತಂದು, "ಅಪ್ಪಾ, ಇದೇ ಕೋಳಿ ಅಂದ್ಕೋ. ಕೈಗೆ ಹಚ್ಕೊಂಡು ಅಡುಗೆ ಮಾಡು, ನಾನು ನೋಡ್ತೀನಿ" ಅಂದಳು. ಹತ್ತು ನಿಮಿಷ ಸುಮ್ನೆ ಮಾಮೂಲಿ ಕೆಲಸ ಮಾಡಿದೆ. ಆಮೇಲೆ ಅವಳು ಟಾರ್ಚು ಹಿಡಿದು ಹೊರಟಳು. ಉಪ್ಪಿನ ಡಬ್ಬದ ಮುಚ್ಚಳ. ಎಣ್ಣೆ ಬಾಟಲಿಯ ಕತ್ತು. ಫ್ರಿಜ್ಜಿನ ಹಿಡಿ. ಒಲೆಯ ಗುಂಡಿ. ಫೋನು, ಯಾಕಂದರೆ ಮಧ್ಯೆ ಒಂದು ಮೆಸೇಜ್ ನೋಡಿದ್ದೆ. ಕನ್ನಡಕದ ಕಾಲು, ಅದನ್ನು ಯಾವಾಗ ಮುಟ್ಟಿದೆನೋ ನನಗೇ ಗೊತ್ತಿಲ್ಲ. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಮಸಿಬಟ್ಟೆಯಲ್ಲಿ, ಅದನ್ನು ಬಿಟ್ಟರೆ ನಲ್ಲಿಯ ತಿರುಪಿನಲ್ಲಿ.

ಈ ತಿರುಪಿನ ವಿಷಯ ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ. ಕೊಳಕು ಕೈಯಲ್ಲಿ ನಲ್ಲಿ ತಿರುಗಿಸುತ್ತೇವೆ. ಸೋಪು ಹಾಕಿ ಕೈ ತೊಳೆಯುತ್ತೇವೆ. ತೊಳೆದ ಕೈಯಲ್ಲಿ ಅದೇ ತಿರುಪನ್ನು ಮುಟ್ಟಿ ನಲ್ಲಿ ನಿಲ್ಲಿಸುತ್ತೇವೆ. ಇಷ್ಟು ವರ್ಷ ಹೀಗೇ ಮಾಡಿದ್ದೇನೆ. ಈಗ ಕೋಳಿಗೆ ಕೈ ಹಾಕುವ ಮುಂಚೆಯೇ ಬೇಕಾದ ಉಪ್ಪು, ಮಸಾಲೆಯನ್ನು ಒಂದು ಚಿಕ್ಕ ಬಟ್ಟಲಿಗೆ ಹಾಕಿಟ್ಟುಕೊಳ್ಳುತ್ತೇನೆ. ನಲ್ಲಿಯನ್ನು ಮೊಣಕೈಯಲ್ಲಿ ತೆರೆಯುತ್ತೇನೆ, ಸೋಪಿನಲ್ಲಿ 20 ಸೆಕೆಂಡು ಕೈ ಉಜ್ಜುತ್ತೇನೆ, ತಿರುಪಿಗೂ ಸೋಪು ಹಚ್ಚಿ ತೊಳೆಯುತ್ತೇನೆ. ಫೋನ್ ಅಡುಗೆಮನೆ ಆಚೆ ಇರುತ್ತದೆ. ಇದ್ದರೆ ಮುಟ್ಟದೆ ಇರುವ ಪೈಕಿ ನಾನಲ್ಲ.

ಮಸಿಬಟ್ಟೆ ನನ್ನ ಪ್ರಕಾರ ಅಡುಗೆಮನೆಯ ಅತಿ ದೊಡ್ಡ ಕಳ್ಳ. ಸದಾ ಒದ್ದೆ, ಸ್ವಲ್ಪ ಬೆಚ್ಚಗೆ, ನಡುವೆ ಆಹಾರದ ಚೂರು. ಅನುಕೂಲವಾದ ಜಾಗ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಅದರಲ್ಲಿ ಕಟ್ಟೆ ಒರೆಸುತ್ತೇವೆ, ಕೈ ಒರೆಸುತ್ತೇವೆ, ತೊಳೆದ ತಟ್ಟೆಯನ್ನೂ ಒರೆಸುತ್ತೇವೆ. ನಾವು ಒರೆಸುತ್ತಿಲ್ಲ, ಬಳಿಯುತ್ತಿದ್ದೇವೆ. ದಿನಕ್ಕೊಂದು ಬಟ್ಟೆ ಬದಲಾಯಿಸಿ, ಬಿಸಿನೀರಿನಲ್ಲಿ ಒಗೆದು, ಪೂರ್ತಿ ಒಣಗಿಸಿ. ಕೈ ಒರೆಸುವ ಬಟ್ಟೆ ಬೇರೆ ಇರಲಿ. ಸ್ಪಂಜಿಗೂ ಇದೇ ಮಾತು, ವಾಸನೆ ಬರುವವರೆಗೆ ಕಾಯಬೇಡಿ.

ಬೋರ್ಡಿನ ವಿಷಯದಲ್ಲಿ ಮರದ್ದು ಒಳ್ಳೆಯದೋ ಪ್ಲಾಸ್ಟಿಕ್ಕು ಒಳ್ಳೆಯದೋ ಅನ್ನುವ ಚರ್ಚೆ ಮುಗಿಯುವುದೇ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿದ್ದ ಡೀನ್ ಕ್ಲೈವರ್ ಅನ್ನುವ ವಿಜ್ಞಾನಿ ಮರದ ಬೋರ್ಡನ್ನು ಪ್ಲಾಸ್ಟಿಕ್ಕಿನಷ್ಟು ಸುರಕ್ಷಿತ ಮಾಡುವುದು ಹೇಗೆ ಅಂತ ಹುಡುಕಲು ಹೊರಟು, ಮರದ ಎಳೆಯೊಳಗೆ ಇಳಿದ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತದೆ, ಚಾಕುವಿನ ಗೀರು ಬಿದ್ದ ಪ್ಲಾಸ್ಟಿಕ್ ಬೋರ್ಡನ್ನು ಶುಚಿ ಮಾಡುವುದೇ ಕಷ್ಟ ಅಂತ ಕಂಡುಕೊಂಡರು. ನನ್ನ ಅಭಿಪ್ರಾಯ ಕೇಳಿದರೆ ಯಾವುದಾದರೂ ಇರಲಿ, ಎರಡಿರಲಿ. ಒಂದೇ ಇದ್ದರೆ ಸರದಿ ಬದಲಾಯಿಸಿ. ಹಸಿಯಾಗಿ ತಿನ್ನುವುದನ್ನು ಮೊದಲು ಹೆಚ್ಚಿ, ಮುಚ್ಚಿ ಎತ್ತಿಡಿ, ಮಾಂಸ ಕೊನೆಗೆ. ಖರ್ಚಿಲ್ಲ, ಕಷ್ಟವಿಲ್ಲ. ಆ ಭಾನುವಾರ ನಾನು ಇಷ್ಟು ಮಾಡಿದ್ದರೂ ಸಾಕಿತ್ತು.

ಫ್ರಿಜ್ಜಿನಲ್ಲಿ ಹಸಿ ಮಾಂಸ ಎಲ್ಲಕ್ಕಿಂತ ಕೆಳಗೆ, ಮುಚ್ಚಳವಿರುವ ಡಬ್ಬದಲ್ಲಿ. ಪ್ಲಾಸ್ಟಿಕ್ ಕವರ್ ಸೋರದೆ ಇರುವುದಿಲ್ಲ, ಮೇಲಿಟ್ಟರೆ ಕೆಳಗಿನ ಹಣ್ಣಿನ ಮೇಲೇ ತೊಟ್ಟಿಕ್ಕುತ್ತದೆ. ಹಸಿ ಮಾಂಸ ತಂದಿಟ್ಟ ತಟ್ಟೆಗೇ ಸುಟ್ಟ ಮಾಂಸ ಎತ್ತಿಹಾಕುವವರನ್ನೂ ನೋಡಿದ್ದೇನೆ. ಮಾಂಸ ನೆನೆಸಿದ ಮಸಾಲೆ ಮಿಕ್ಕಿತು ಅಂತ ಕುದಿಸದೆ ಮೇಲೆ ಸುರಿಯುವವರೂ ಇದ್ದಾರೆ. ದಯವಿಟ್ಟು ಬೇಡ.

ನಾವು ಮಾಂಸ ತಿನ್ನಲ್ಲ, ಇದೆಲ್ಲ ನಮಗಲ್ಲ ಅಂತ ಇಲ್ಲಿವರೆಗೆ ಓದಿದವರು ಅಂದುಕೊಳ್ಳುತ್ತಿರಬಹುದು. ಸೊಪ್ಪು, ಗಡ್ಡೆಗಳ ಮಣ್ಣಿನಲ್ಲೂ ಬ್ಯಾಕ್ಟೀರಿಯಾ ಇರುತ್ತದೆ. ಮೊಟ್ಟೆಯ ಸಿಪ್ಪೆಯ ಮೇಲೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಹಸಿ ಹಿಟ್ಟನ್ನೂ ನಂಬುವ ಹಾಗಿಲ್ಲ. 2016ರಲ್ಲಿ ಅಮೆರಿಕದಲ್ಲಿ ಹಿಟ್ಟಿನಿಂದಲೇ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಹರಡಿ, ಅಂಗಡಿಗಳಿಂದ ಹಿಟ್ಟು ವಾಪಸ್ ತರಿಸಿಕೊಳ್ಳಬೇಕಾಯಿತು. ಕೇಕಿನ ಹಸಿ ಹಿಟ್ಟು ನೆಕ್ಕುವ ಮಕ್ಕಳಿರುವ ಮನೆಯವರು ಗಮನಿಸಿ. ಇನ್ನು ಕಡಲೆಕಾಯಿ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಬೇಯಿಸಿದರೂ ಅಪಾಯ ಹೋಗುವುದಿಲ್ಲ. ಅಲ್ಲಿ ಸೌಟಿಗೆ ಅಂಟಿದ ಚೂರೇ ಸಾಕು.

ಹಿಂದಿನವರು ಇದೆಲ್ಲ ನೋಡ್ತಾ ಇದ್ರಾ, ಅವರಿಗೇನಾಯ್ತು ಅಂತ ಒಬ್ಬ ಗೆಳೆಯ ಕೇಳಿದ. ಅವರಿಗೂ ಹೊಟ್ಟೆ ಕೆಡುತ್ತಿತ್ತು ಮಾರಾಯ, ಯಾವ ಊಟದಿಂದ ಅಂತ ಗೊತ್ತಾಗುತ್ತಿರಲಿಲ್ಲ ಅಷ್ಟೇ. ಮೂರು ದಿನದ ಹಿಂದಿನ ಸೌತೆಕಾಯಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಕೆಟ್ಟ ಆಹಾರದಿಂದ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ. ಅವರಲ್ಲಿ ನನ್ನ ಹಾಗೆ ಬೇರೆಯವರನ್ನು ಬೈದುಕೊಂಡು ಮಲಗಿದವರು ಎಷ್ಟು ಜನವೋ.

ಹೋಟೆಲಿಗೆ ಹಾಕಿದ್ದ ಆ ಒಂದು ಸ್ಟಾರ್ ಅಳಿಸಿದ್ದೇನೆ. ಮೊನ್ನೆ ಅಲ್ಲಿಗೇ ಹೋಗಿ ಊಟ ಮಾಡಿ ಬಂದೆವು. ಕ್ಷಮಿಸಿ ಅನ್ನಬೇಕು ಅನಿಸಿತು, ಆದರೆ ಯಾತಕ್ಕೆ ಅಂತ ಬಡಿಸುವವನಿಗೆ ವಿವರಿಸುವುದು? ಟಿಪ್ಸ್ ಸ್ವಲ್ಪ ಜಾಸ್ತಿ ಇಟ್ಟು ಬಂದೆ. ಮಗಳು ಸಲಾಡ್ ಮುಟ್ಟಲಿಲ್ಲ.