ಸಂಗಾತಿಯ ಉದ್ಯೋಗಕ್ಕಾಗಿ ಊರು ಬಿಡಬೇಕೇ?

ಗಂಡನಿಗೋ ಹೆಂಡತಿಗೋ ದೂರದ ನಗರದಲ್ಲಿ ಕೆಲಸವಾದರೆ ಮನೆಮಂದಿಯೆಲ್ಲ ಹೊರಡಬೇಕೇ ಎಂಬ ಪ್ರಶ್ನೆ ಬ್ಯಾಂಕುಗಳ ತವರೆನಿಸಿದ ಕರಾವಳಿಗೆ ಹಳೆಯದು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮರುವರ್ಷದ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡ ಬಳಿಕ, ಮಣಿಪಾಲ ಮತ್ತು ಮಂಗಳೂರಿನ ಪ್ರಧಾನ ಕಚೇರಿಗಳನ್ನು ನಂಬಿ ಮನೆ ಕಟ್ಟಿದವರಿಗೂ ಅದು ಎದುರಾಗಿದೆ. ಉಡುಪಿಯಿಂದ ಹೊರಟವರೊಬ್ಬರು ಮತ್ತು ಮಂಗಳೂರಿಗೆ ಮರಳಿದವರೊಬ್ಬರು ಇಲ್ಲಿ ತಮ್ಮ ತಮ್ಮ ಪಕ್ಷವನ್ನು ಮಂಡಿಸಿದ್ದಾರೆ.

ಪರ: ಒಲೆ ಎರಡಾಗುವುದು ಬೇಡ

ನನ್ನ ಪತ್ನಿಗೆ ಬ್ಯಾಂಕಿನಲ್ಲಿ ಬಡ್ತಿಯೊಡನೆ ಪುಣೆಗೆ ವರ್ಗಾವಣೆಯಾದಾಗ ನಾನು ಉಡುಪಿಯ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಬಡ್ತಿಯನ್ನು ನಿರಾಕರಿಸಿ ಊರಿನಲ್ಲೇ ಉಳಿಯುವ ದಾರಿಯೂ ಅವಳಿಗಿತ್ತು. ನಮ್ಮ ಕಡೆಯ ಎಷ್ಟೋ ಬ್ಯಾಂಕ್ ಉದ್ಯೋಗಿಗಳು, ಅದರಲ್ಲಿಯೂ ಮಹಿಳೆಯರು, ಗುಮಾಸ್ತೆಯರಾಗಿಯೇ ನಿವೃತ್ತರಾದದ್ದು ಸಾಮರ್ಥ್ಯ ಸಾಲದೆ ಅಲ್ಲ. ಅಧಿಕಾರಿಯಾದರೆ ಪೆಟ್ಟಿಗೆ ಕಟ್ಟಬೇಕಾಗುತ್ತದೆ ಎಂಬ ಅಂಜಿಕೆಯಿಂದ. ಒಮ್ಮೆ ಬೇಡವೆಂದವರನ್ನು ಮುಂದಿನ ಕೆಲವು ವರ್ಷ ಪರಿಗಣಿಸದಿರುವ ಪದ್ಧತಿ ಹಲವು ಸಂಸ್ಥೆಗಳಲ್ಲಿದೆ. ಹಾಗೆ ಕಳೆದುಹೋದ ವರ್ಷಗಳು ಸಂಬಳದಲ್ಲಿ ಮಾತ್ರವಲ್ಲ, ಪಿಂಚಣಿಯ ಲೆಕ್ಕದಲ್ಲಿಯೂ ಕಾಣಿಸಿಕೊಳ್ಳುತ್ತವೆ. ಹಾಗಾದರೆ ಅವಳೊಬ್ಬಳೇ ಹೋಗಿ ನಾನೂ ಮಗನೂ ಇಲ್ಲಿರಬಹುದಿತ್ತಲ್ಲ ಎಂದು ಬಂಧುಗಳು ಕೇಳಿದರು. ನನ್ನ ವಾದವಿರುವುದು ಆ ‘ಒಬ್ಬಳೇ’ ಎಂಬ ಮಾತಿನ ವಿರುದ್ಧ.

ಊರು ಬಿಡುವುದು ತುಳುನಾಡಿಗೆ ಹೊಸತಲ್ಲ ಎಂದು ಹೇಳಿ ಈ ಚರ್ಚೆಯನ್ನು ಸುಲಭವಾಗಿ ಮುಗಿಸಬಹುದು. ಮುಂಬಯಿಯ ಹೋಟೆಲುಗಳ ಹಾಗೂ ಗಲ್ಫ್ ದೇಶಗಳ ದುಡಿಮೆಯಿಂದ ಇಲ್ಲಿನ ಎಷ್ಟೋ ಮುಳಿಹುಲ್ಲಿನ ಮಾಡುಗಳು ಹೆಂಚು ಕಂಡಿವೆ. ಆದರೆ ಆ ಚರಿತ್ರೆ ನನ್ನ ಪಕ್ಷಕ್ಕೆ ಸಾಕ್ಷಿಯಾಗುವುದು ಬೇರೊಂದು ಕಾರಣಕ್ಕೆ. ಅಂದು ಹೊರಟವರಲ್ಲಿ ಬಹುಪಾಲು ಒಂಟಿ ಗಂಡಸರು. ಹೆಂಡತಿ, ಮಕ್ಕಳು, ಗದ್ದೆ, ಹಟ್ಟಿ ಎಲ್ಲವೂ ಇಲ್ಲಿ, ದುಡಿಮೆ ಮಾತ್ರ ಅಲ್ಲಿ. ನನ್ನ ತಂದೆಯೂ ಅಂಥವರಲ್ಲೊಬ್ಬರು. ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ಓಡತೊಡಗುವ ಮೊದಲು ಅವರು ಬಸ್ಸಿನಲ್ಲಿ ಬರುತ್ತಿದ್ದರು, ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ಬಂದ ಮೊದಲೆರಡು ದಿನ ನಾನು ಅಡುಗೆಮನೆಯ ಬಾಗಿಲ ಮರೆಯಲ್ಲೇ ನಿಂತಿರುತ್ತಿದ್ದೆನಂತೆ. ಮೂರನೆಯ ದಿನ ಹತ್ತಿರ ಸುಳಿಯುತ್ತಿದ್ದೆನಂತೆ. ಸಲಿಗೆ ಬೆಳೆಯುವ ಹೊತ್ತಿಗೆ ಅವರ ರಜೆ ಮುಗಿಯುತ್ತಿತ್ತು. ಕಳುಹಿಸಿದ ಮನಿ ಆರ್ಡರುಗಳಿಗೆ ಲೆಕ್ಕವಿದೆ, ಇದಕ್ಕಿಲ್ಲ.

ಈಗ ಕಾಲ ಬದಲಾಗಿದೆ, ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರು ಎನ್ನುವವರಿದ್ದಾರೆ. ಉಡುಪಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ಶುಕ್ರವಾರ ರಾತ್ರಿ ಅಲ್ಲಿ ಹತ್ತಿ ಶನಿವಾರ ಬೆಳಿಗ್ಗೆ ಇಲ್ಲಿಳಿದು, ಭಾನುವಾರ ರಾತ್ರಿ ಮತ್ತೆ ಹೊರಡುವ ಗೆಳೆಯನೊಬ್ಬನಿಗೆ ವಾರದ ಏಳು ರಾತ್ರಿಗಳಲ್ಲಿ ಎರಡು ಸ್ಲೀಪರ್ ಬಸ್ಸಿನಲ್ಲೇ ಕಳೆಯುತ್ತವೆ. ಶನಿವಾರ ಮಧ್ಯಾಹ್ನದವರೆಗೆ ನಿದ್ದೆ, ಭಾನುವಾರ ಸಂಜೆಯಿಂದ ಹೊರಡುವ ಗಡಿಬಿಡಿ, ನಡುವೆ ಉಳಿದದ್ದು ಸಂಸಾರ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದಲ್ಲೂ ಗುಡ್ಡ ಕುಸಿದು ಎರಡೂ ದಾರಿಗಳು ಮುಚ್ಚಿದಾಗ ಅದೂ ಉಳಿಯಲಿಲ್ಲ. ಎರಡು ಬಾಡಿಗೆ, ಎರಡು ಗ್ಯಾಸ್ ಸಂಪರ್ಕ, ಎರಡು ಕಡೆ ಹಾಲಿನವರ ಲೆಕ್ಕ ಇರಲಿ. ಮಗುವಿಗೆ ಜ್ವರ ಬಂದ ಬುಧವಾರ ರಾತ್ರಿ ಒಬ್ಬರು ಫೋನಿನ ಆಚೆ ತುದಿಯಲ್ಲಿರುತ್ತಾರೆ.

ಇನ್ನು ಯಾರ ಕೆಲಸವನ್ನು ಹೊತ್ತೊಯ್ಯಬಹುದು ಎಂಬ ಪ್ರಶ್ನೆ. ಈ ಒಂದು ಪ್ರಶ್ನೆಯನ್ನು ಗಂಡು-ಹೆಣ್ಣೆಂಬ ಭೇದವಿಲ್ಲದೆ ಕೇಳಿಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಅವಳ ಹುದ್ದೆ ಪುಣೆಯ ಶಾಖೆಗೇ ಕಟ್ಟಿಬಿದ್ದದ್ದು. ನಾನು ಬರೆಯುವ ಲೆಕ್ಕ, ಸಲ್ಲಿಸುವ ಜಿಎಸ್‌ಟಿ ವಿವರ ಯಾವ ಊರಿನ ಮೇಜಿನಿಂದಲೂ ನಡೆಯುತ್ತದೆ. ಹಳೆಯ ಸಂಸ್ಥೆಯ ಕೆಲಸವನ್ನೇ ಮೊದಲ ವರ್ಷ ದೂರದಿಂದ ಮಾಡಿದೆ, ಸಂಬಳ ಸ್ವಲ್ಪ ಕಡಿಮೆಗೆ. ಬಳಿಕ ಪುಣೆಯಲ್ಲಿಯೇ ನಾಲ್ಕು ಅಂಗಡಿಗಳ ಲೆಕ್ಕ ಹಿಡಿದೆ. ಹೆಂಡತಿಯ ಬೆನ್ನು ಹಿಡಿದು ಹೋದ ಗಂಡಸು ಎಂದು ಮದುವೆಮನೆಗಳಲ್ಲಿ ನಕ್ಕವರು ಇಲ್ಲದಿಲ್ಲ. ಆಸ್ತಿಯೂ ಮನೆತನದ ಹೆಸರೂ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿದ್ದ ಅಳಿಯಸಂತಾನದ ನಾಡಿನಲ್ಲಿ ಈ ನಗೆ ಎಲ್ಲಿಂದ ಬಂತೋ ನನಗೆ ತಿಳಿಯದು.

ಕಣ್ಣು ಮುಚ್ಚಿ ಹೊರಡಿ ಎಂದು ನಾನು ಹೇಳುವುದಿಲ್ಲ. ನಾವು ಊರಿನ ಮನೆಯನ್ನು ಮಾರಲಿಲ್ಲ. ಮಗನ ಶಾಲಾ ವರ್ಷ ಮುಗಿದ ಮೇಲೆಯೇ, ಏಪ್ರಿಲ್‌ನಲ್ಲಿ ಹೊರಟೆವು. ಅವಳು ಅದಕ್ಕೆ ಮೊದಲು ಮೂರು ತಿಂಗಳು ವಸತಿಗೃಹದಲ್ಲಿದ್ದು ಕೆಲಸವನ್ನೂ ಬಾಡಿಗೆಯ ದರವನ್ನೂ ನೋಡಿಕೊಂಡಳು. ಮಗ ಆಗ ಒಂದನೇ ತರಗತಿ. ಹತ್ತನೇ ತರಗತಿಯಲ್ಲಿದ್ದಿದ್ದರೆ ಬೇರೆ ಮಾತು. ತಾಯಿ ಮೊದಲ ಮಳೆಗಾಲಕ್ಕೆ ನಮ್ಮೊಡನೆ ಬಂದು, ನಾಗರಪಂಚಮಿಗೆ ನಾಗನಿಗೆ ತನು (ಹಾಲು) ಹಾಕಲು ನೆವ ಹೇಳಿ ಊರಿಗೆ ಮರಳಿದವರು ಮತ್ತೆ ಬರಲು ಒಪ್ಪಲಿಲ್ಲ. ಈಗ ತಂಗಿಯ ಮನೆಯಲ್ಲಿದ್ದಾರೆ. ಇದು ನನ್ನ ಲೆಕ್ಕದ ಖರ್ಚಿನ ಬದಿಯಲ್ಲಿರುವ ದೊಡ್ಡ ಅಂಕಿ, ಅದನ್ನು ನಾನು ಮುಚ್ಚಿಡುವುದಿಲ್ಲ. ಅಷ್ಟಾದರೂ ಮಗ ಸಂಜೆ ಬಾಗಿಲು ತಟ್ಟುವಾಗ ಒಳಗೆ ಇಬ್ಬರೂ ಇರುತ್ತೇವೆ.

ವಿರೋಧ: ಯಾರ ಸಂಬಳವನ್ನು ಕೂಡಿಸಲು ಮರೆತಿರಿ?

ಮೇಲಿನ ಲೇಖಕರ ಕೆಲಸವನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದಿತ್ತು, ಅದು ಅವರ ಅದೃಷ್ಟ. ನನ್ನದು ಹಾಗಿರಲಿಲ್ಲ. ಮಂಗಳೂರಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ನನ್ನ ಪತಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದಾಗ, ಅಲ್ಲಿ ಏನಾದರೂ ಸಿಗುತ್ತದೆ ಎಂಬ ಸಮಾಧಾನದ ಮಾತನ್ನು ನಂಬಿ ರಾಜೀನಾಮೆ ಕೊಟ್ಟೆ. ಹೈದರಾಬಾದಿನಲ್ಲಿ ಕನ್ನಡದ ಶಿಕ್ಷಕಿಗೆ ಏನು ಸಿಗುತ್ತದೆ ಎಂದು ಆಗ ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಎದುರಿಗೇ ಇತ್ತು. ಭಾಷೆಯನ್ನೇ ನಂಬಿದ ವೃತ್ತಿಗಳು ಗಡಿ ದಾಟುವುದಿಲ್ಲ. ಬೇರೆ ಕೆಲವು ವೃತ್ತಿಗಳು ದಾಟುತ್ತವೆ, ಆದರೆ ಸುಂಕ ಕೊಟ್ಟು: ದಾದಿಯರು ಹೊಸ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಗಾಗಿ ಕಾಯಬೇಕು, ವಕೀಲರು 1961ರ ಕಾಯ್ದೆಯಂತೆ ತಮ್ಮ ಹೆಸರನ್ನು ಒಂದು ರಾಜ್ಯದ ವಕೀಲರ ಪರಿಷತ್ತಿನಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳಬಹುದು, ಕಕ್ಷಿದಾರರನ್ನು ವರ್ಗಾಯಿಸಿಕೊಳ್ಳುವುದು ಹೇಗೆ?

ಹಣದ ಲೆಕ್ಕವನ್ನೇ ಮೊದಲು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾವು ಹೊರಟದ್ದು ಅದನ್ನು ತಪ್ಪಾಗಿ ಮಾಡಿ. ಪತಿಯ ಸಂಬಳ ತಿಂಗಳಿಗೆ 65,000 ರೂಪಾಯಿಯಿಂದ 95,000ಕ್ಕೆ ಏರಿತು. ಮೂವತ್ತು ಸಾವಿರ ಹೆಚ್ಚಾಯಿತೆಂದು ಮನೆಯವರೆಲ್ಲ ಹಿಗ್ಗಿದರು. ನನ್ನ ಸಂಬಳ 32,000. ಎಂದರೆ ರೈಲು ಹತ್ತುವ ಮೊದಲೇ ಮನೆಗೆ ತಿಂಗಳಿಗೆ ಎರಡು ಸಾವಿರ ನಷ್ಟವಾಗಿತ್ತು. ಮಂಗಳೂರಿನ ಕುಲಶೇಖರದಲ್ಲಿ ಸ್ವಂತ ಮನೆಯಲ್ಲಿದ್ದವರು ಅಲ್ಲಿ 24,000 ರೂಪಾಯಿ ಬಾಡಿಗೆ ಕೊಟ್ಟೆವು. ಊರಿನ ಮನೆಯನ್ನು ಬೀಗ ಹಾಕಿ ಬಿಟ್ಟ ಮೊದಲ ಮಳೆಗಾಲದಲ್ಲೇ ತೆಂಗಿನ ಗರಿ ಬಿದ್ದು ಹೆಂಚು ಒಡೆದು, ಸೋರಿದ ನೀರಿಗೆ ಅಟ್ಟದ ಹಲಗೆ ಕೊಳೆಯಿತು; ಕಪಾಟಿನಲ್ಲಿದ್ದ ಸೀರೆಗಳಿಗೆಲ್ಲ ಬೂಷ್ಟು. ಕರಾವಳಿಯಲ್ಲಿ ಮುಚ್ಚಿದ ಮನೆಯೂ ಖರ್ಚು ಕೇಳುತ್ತದೆ. ಆದರೂ ಇವೆಲ್ಲ ಮರಳಿ ಗಳಿಸಬಹುದಾದ ಹಣ. ಗಳಿಸಲಾಗದ್ದು ಸೇವಾವಧಿ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು; ನಾನು ರಾಜೀನಾಮೆ ಕೊಟ್ಟಾಗ ನಾಲ್ಕು ವರ್ಷ ನಾಲ್ಕು ತಿಂಗಳಾಗಿತ್ತು. ಎಂಟು ತಿಂಗಳು ತಡೆಯಿರಿ ಎಂದು ಹೇಳುವವರು ಯಾರೂ ಇರಲಿಲ್ಲ, ನನಗೂ ಹೊಳೆಯಲಿಲ್ಲ.

ಒಟ್ಟಿಗೆ ಹೋದರು ಎನ್ನುತ್ತೇವೆ. ಒಟ್ಟಿಗೆ ಹೋದವರು ಒಂದೇ ಕಡೆಗೆ ಹೋಗಿರುವುದಿಲ್ಲ. ನನ್ನ ಪತಿ ಹೋದದ್ದು ಹೆಸರು ಬರೆದಿಟ್ಟ ಮೇಜಿಗೆ, ಊಟಕ್ಕೆ ಕರೆಯುವ ಸಹೋದ್ಯೋಗಿಗಳ ನಡುವೆ. ನಾನು ಹೋದದ್ದು ಹನ್ನೊಂದನೆಯ ಮಹಡಿಯ ಮನೆಗೆ, ಅಲ್ಲಿ ನನ್ನ ತುಳುವಾಗಲಿ ಕನ್ನಡವಾಗಲಿ ಲಿಫ್ಟಿನ ಬಾಗಿಲು ದಾಟಿ ಕೇಳಿಸುತ್ತಿರಲಿಲ್ಲ. ಸಂಜೆ ಮನೆಗೆ ಬಂದವರು ‘ಇವತ್ತು ಏನು ಮಾಡಿದೆ’ ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಹತ್ತು ಮಂದಿಯ ಮುಂದೆ ಪಾಠ ಮಾಡಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದವಳಿಗೆ ಆ ಪ್ರಶ್ನೆ ಹೇಗೆ ನಾಟುತ್ತದೆಂದು ವಿವರಿಸುವುದು ಕಷ್ಟ.

ಹೆಂಡತಿ ಹೋಗಲೇಬೇಕಲ್ಲ ಎನ್ನುವವರಿಗೆ ಒಂದು ಮಾತು. ದೂರವಾದ ಸಂಗಾತಿ ಮರಳಿ ಬಂದು ಒಟ್ಟಿಗೆ ಬಾಳುವಂತೆ ಕೋರ್ಟನ್ನು ಕೇಳಲು ಅವಕಾಶ ಕೊಡುವ, ಹಿಂದೂ ವಿವಾಹ ಕಾಯ್ದೆಯ 9ನೇ ಕಲಮನ್ನು ಮುಂದಿಟ್ಟು, ಉದ್ಯೋಗಸ್ಥ ಹೆಂಡತಿಯೂ ಗಂಡನಿದ್ದಲ್ಲಿಗೆ ಬರಬೇಕೆಂದು 1977ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಪೂರ್ಣಪೀಠ ಹೇಳಿದ್ದು ನಿಜ. ಮರುವರ್ಷವೇ ದೆಹಲಿ ಹೈಕೋರ್ಟ್ ಬೇರೆ ನಿಲುವು ತಾಳಿತು. ಪಂಜಾಬಿನ ಸುನಾಮ್ ಎಂಬಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಮಹಿಳೆ ಹುದ್ದೆ ಬಿಟ್ಟು ದೆಹಲಿಯಲ್ಲಿದ್ದ ಗಂಡನ ಬಳಿಗೆ ಬರಲೊಪ್ಪದಿದ್ದ ಆ ಪ್ರಕರಣದಲ್ಲಿ, ಸಂಸಾರ ಹೂಡುವ ಊರನ್ನು ಒಬ್ಬರೇ ನಿರ್ಧರಿಸುವ ಹಕ್ಕು ಗಂಡನಿಗೆ ಗಂಡನೆಂಬ ಕಾರಣಕ್ಕೇ ಬರುವುದಿಲ್ಲ, ಇಬ್ಬರೂ ಕೂಡಿ ತೀರ್ಮಾನಿಸಬೇಕು ಎಂದಿತು. ಅದಾಗಿ ನಾಲ್ಕು ದಶಕ ಕಳೆದರೂ ನಮ್ಮ ಮನೆಗಳಲ್ಲಿ ‘ಯಾವಾಗ ಹೊರಡುತ್ತೀ’ ಎಂಬುದಷ್ಟೇ ಕೇಳಿಬರುವ ಪ್ರಶ್ನೆ.

ಮಕ್ಕಳ ವಿಷಯದಲ್ಲಿ ಮೇಲಿನ ಲೇಖಕರು ಹತ್ತನೇ ತರಗತಿಯ ಮಾತೊಂದನ್ನೇ ಎತ್ತಿದರು. ಕರ್ನಾಟಕದ ಸಿಇಟಿಗೆ ಸಾಮಾನ್ಯ ನಿಯಮದಂತೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ರಾಜ್ಯದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ತೇರ್ಗಡೆಯಾಗಿರಬೇಕು. ಇತರ ಉಪನಿಯಮಗಳು ಕೆಲವರಿಗೆ ನೆರವಾಗುತ್ತವೆ, ಎಲ್ಲರಿಗೂ ಅಲ್ಲ. ಒಂದನೇ ತರಗತಿಯಲ್ಲಿ ಹೊರಟು ಆರೇಳು ವರ್ಷ ಹೊರಗಿದ್ದು ಬಂದವರಿಗೆ ಈ ಎಣಿಕೆ ಬೆರಳ ತುದಿಯಲ್ಲಿರಬೇಕು. ನಮ್ಮ ಮಗಳ ಎರಡು ವರ್ಷ ಹೈದರಾಬಾದಿನ ಲೆಕ್ಕಕ್ಕೆ ಹೋಗಿದೆ, ಉಳಿದದ್ದು ಸಾಕಾಗುತ್ತದೆ.

ಹೊರಡುವ ಮೊದಲು ಕೇಳಬೇಕಾದವರು ಬಂಧುಗಳಲ್ಲ, ಉದ್ಯೋಗದಾತರು. ಕೇಂದ್ರ ಸರ್ಕಾರಿ ನೌಕರರ ವಿಷಯದಲ್ಲಿ ದಂಪತಿಯನ್ನು ಸಾಧ್ಯವಾದಷ್ಟು ಒಂದೇ ಊರಿಗೆ ನಿಯೋಜಿಸಬೇಕೆಂಬ 2009ರ ಆದೇಶವಿದೆ. ನಮ್ಮ ರಾಜ್ಯದ ಸರ್ಕಾರಿ ಶಿಕ್ಷಕರ ವರ್ಗಾವಣೆಯಲ್ಲಿ ‘ಪತಿ-ಪತ್ನಿ ಪ್ರಕರಣ’ ಎಂಬುದು ಶಾಲೆಯ ಸಿಬ್ಬಂದಿ ಕೊಠಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಖಾಸಗಿಯವರಿಗೆ ಇಂಥ ನಿಯಮವಿಲ್ಲ, ಆದರೆ ಕೇಳುವುದಕ್ಕೆ ಅಡ್ಡಿಯೂ ಇಲ್ಲ. ಮಂಗಳೂರಿನಲ್ಲಿ ಕಚೇರಿಯುಳ್ಳ ಕಂಪನಿಯಾದರೆ ಇಲ್ಲಿಗೇ ಕೇಳಬಹುದು, ಇಲ್ಲವಾದರೆ ತಿಂಗಳಲ್ಲಿ ಒಂದು ವಾರ ಮನೆಯಿಂದ ಕೆಲಸ ಮಾಡುವ ಅನುಮತಿಯನ್ನಾದರೂ ಕೇಳಬಹುದು. ನನ್ನ ಪತಿ ಈ ಒಂದು ವಾರದ ಅನುಮತಿಯನ್ನು ಕೇಳಿದ್ದು ಎರಡು ವರ್ಷದ ಬಳಿಕ, ನಾನೂ ಮಗಳೂ ಮಂಗಳೂರಿಗೆ ಮರಳಿದ ಮೇಲೆ. ಒಂದೇ ಮಿಂಚಂಚೆಗೆ ಒಪ್ಪಿಗೆ ಬಂತು!

ಮರಳಿ ಬಂದಾಗ ನನ್ನ ಹಳೆಯ ಜಾಗದಲ್ಲಿ ಬೇರೊಬ್ಬರಿದ್ದರು, ಅದು ಸಹಜ. ಇನ್ನೊಂದು ಶಾಲೆಯಲ್ಲಿ ಹೊಸಬಳಾಗಿ, ಮೊದಲಿಗಿಂತ ಆರು ಸಾವಿರ ಕಡಿಮೆಗೆ ಸೇರಿದೆ. ಗ್ರಾಚ್ಯುಟಿಯ ಐದು ವರ್ಷ ಮತ್ತೆ ಒಂದರಿಂದ ಎಣಿಕೆಯಾಗುತ್ತಿದೆ. ಬಸ್ಸಿನಲ್ಲಿ ಕಳೆಯುವ ಎರಡು ರಾತ್ರಿಗಳ ಕುರಿತು ಮೇಲಿನ ಲೇಖಕರು ಬರೆದದ್ದರಲ್ಲಿ ಸುಳ್ಳಿಲ್ಲ, ಅವರ ಬಾಲ್ಯದ ಕಥೆ ಓದಿ ನಾನೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೆ ಆ ನಿದ್ದೆಗೇಡನ್ನು ಇಬ್ಬರೂ ಹಂಚಿಕೊಳ್ಳಬಹುದು. ಒಂದು ವಾರ ಪತಿ ಬಂದರೆ ಇನ್ನೊಂದು ವಾರ ನಾವು ಹೋಗಬಹುದು. ಬಿಟ್ಟ ಹುದ್ದೆಯನ್ನು ಹಾಗೆ ಹಂಚಿಕೊಳ್ಳಲಾಗುವುದಿಲ್ಲ. ನನ್ನ ಪತಿ ಈಗ ತಮ್ಮ ಕಂಪನಿಯ ಬೆಂಗಳೂರು ಕಚೇರಿಗೆ ವರ್ಗ ಕೇಳಿದ್ದಾರೆ. ಸಿಕ್ಕಿದರೆ ಅಲ್ಲಿಂದ ಪ್ರತಿ ಶುಕ್ರವಾರ ರಾತ್ರಿ ಬಸ್ಸು ಹತ್ತುವವರು ಅವರೇ, ಅದನ್ನು ಈ ಸಲ ಮೊದಲೇ ಮಾತನಾಡಿಕೊಂಡಿದ್ದೇವೆ.