ಆರ್ನೂರು ತೂತಿನ ಸೂರು

ಮನೆ ಸೋರಬಾರ್ದು ಅಂತ ಈ ಬೇಸಿಗೇಲಿ ಹೊಸ ಶೀಟ್ ಹಾಕ್ಸಿದ್ವಿ. ಎಲ್ಲಾ ಮುಗಿದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಜಗಲಿ ಮೇಲೆ ಅಂಗಾತ ಬಿದ್ಕೊಂಡು ಮೇಲೆ ನೋಡ್ತಾ ಸುಮ್ನೆ ಲೆಕ್ಕ ಹಾಕ್ದೆ. ಎರಡೂ ಕಡೆ ಇಳಿಜಾರು ಸೇರಿ 28 ಶೀಟು, ಪ್ರತಿ ಶೀಟಿನ ಅಡಿಗೆ ಅಡ್ಡಡ್ಡ 6 ಕಬ್ಬಿಣದ ಪರ್ಲಿನ್ನು (ಶೀಟು ಕೂರೋ ಅಡ್ಡಪಟ್ಟಿ), ಒಂದೊಂದು ಪರ್ಲಿನ್ನಿಗೆ 3 ಸ್ಕ್ರೂ. ಅಲ್ಲಿಗೇ 504 ಆಯ್ತು. ಆಮೇಲೆ ನೆತ್ತಿ ಮೇಲಿನ ಮುಚ್ಚಳದ ತಗಡಿಗೆ ಹೊಡೆದಿದ್ದು, ಶೀಟಿಗೂ ಶೀಟಿಗೂ ಜೋಡಿಸೋಕೆ ಹೊಡೆದ ಸಣ್ಣ ಸ್ಕ್ರೂಗಳು, ಎಲ್ಲಾ ಸೇರಿದ್ರೆ 600 ದಾಟುತ್ತೆ. ಅಂದ್ರೆ ನೀರು ಒಳಗೆ ಬರಬಾರ್ದು ಅಂತ ತಂದ ವಸ್ತುವಿಗೆ ನಾವೇ ಕೂಲಿ ಕೊಟ್ಟು, ಮಧ್ಯೆ ಮಧ್ಯೆ ಕಾಫಿ ತಿಂಡಿ ಕೊಟ್ಟು, 600 ತೂತು ಹಾಕ್ಸಿದ್ದೀವಿ. ಮಧ್ಯಾಹ್ನದ ನಿದ್ದೆ ಅಲ್ಲಿಗೆ ಹೋಯ್ತು.

ಹೆಂಚಿನ ಕಾಲದಲ್ಲಿ ಇಂಥ ಯೋಚ್ನೆ ಬರ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನೋರು ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದ್ರಲ್ಲ, ಆ ಹೆಂಚಿನ ಚಂದವೇ ಅದು, ಮೊಳೆ ಗಿಳೆ ಏನೂ ಬೇಡ, ಬೆನ್ನ ಹಿಂದೆ ಎರಡು ಪುಟ್ಟ ಗುಬುಟು ಇರುತ್ತೆ, ಅದನ್ನ ರೀಪಿಗೆ ಸಿಕ್ಕಿಸಿ ಬಿಟ್ರೆ ಮುಗೀತು, ಪಕ್ಕದ ಹೆಂಚಿನ ತೋಡಿಗೆ ತನ್ನ ಅಂಚು ಕೂರಿಸ್ಕೊಂಡು ತನ್ನ ಭಾರಕ್ಕೆ ತಾನೇ ಗಟ್ಟಿಯಾಗಿ ಕೂತಿರುತ್ತೆ. ವರ್ಷಕ್ಕೊಂದು ಸಲ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ಜನ ಬರೋರು, ಒಡೆದಿದ್ದು ತೆಗೆದು ಬೇರೆ ಇಟ್ಟು ಹೋಗೋರು. ಈಗ ಆ ಜನ ಇಲ್ಲ, ಅವರ ಜಾಗಕ್ಕೆ ಮಂಗ ಬಂದಿದೆ. ಮಂಗಾನೂ ಕೈಯಾಡಿಸುತ್ತೆ, ಆದ್ರೆ ವಾಪಸ್ ಜೋಡ್ಸಲ್ಲ. ನಮ್ಮ ಮಲೆನಾಡಲ್ಲಿ ಎಷ್ಟು ಮನೆ ಹೆಂಚು ಇಳಿಸಿ ಶೀಟು ಏರ್ಸಿದಾವೆ ಅಂತ ಕೇಳಿದ್ರೆ ಅರ್ಧಕ್ಕರ್ಧ ಜನ ಮಂಗನ ಹೆಸರೇ ಹೇಳ್ತಾರೆ.

ಶೀಟು ಹೆಂಚಿನ ಹಾಗೆ ಸುಮ್ನೆ ಕೂರೋ ಜಾತಿ ಅಲ್ಲ, ಹಗುರ. ಅದೇ ಜಾಗದ ಹೆಂಚಿನ ತೂಕಕ್ಕೆ ಹೋಲಿಸಿದ್ರೆ ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲು. ಹಾಗಾಗಿ ಅದನ್ನ ಬೀಳದ ಹಾಗೆ ಹೊರೋದು ದೊಡ್ಡ ವಿಷಯವೇ ಅಲ್ಲ, ಹಾರದ ಹಾಗೆ ಹಿಡಿಯೋದೇ ವಿಷಯ. ಗಾಳಿ ಮಾಡನ್ನ ಕೆಳಗೆ ಒತ್ತುತ್ತೆ ಅಂತ ನಾನು ಅಂದ್ಕೊಂಡಿದ್ದೆ, ಉಲ್ಟಾ, ಮೇಲಿಂದ ಜೋರಾಗಿ ಹಾದು ಹೋಗುವಾಗ ಮೇಲಕ್ಕೇ ಎಳೆಯುತ್ತೆ, ವಿಮಾನದ ರೆಕ್ಕೆ ಏಳೋ ಥರ, ಅದರಲ್ಲೂ ಅಂಚು ಮೂಲೆಗಳಲ್ಲಿ ಎಳೆತ ಜಾಸ್ತಿ. ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಬರುತ್ತಲ್ಲ, ಆವಾಗ ಯಾರದೋ ಕೊಟ್ಟಿಗೆ ಶೀಟು ಯಾರದೋ ತೋಟದಲ್ಲಿ ಬಿದ್ದಿರೋದು ಇದಕ್ಕೇ. ಕಲ್ಲು ಹೇರೋದು, ಹಳೇ ಟಯರ್ ಇಡೋದು ಎಲ್ಲಾ ಮನಸ್ಸಿನ ಸಮಾಧಾನಕ್ಕೆ. ಶೀಟು ಹೋಗೋ ದಿನ ಕಲ್ಲನ್ನೂ ಕರ್ಕೊಂಡೇ ಹೋಗುತ್ತೆ.

ಮೇಸ್ತ್ರಿ ಬಂದ ದಿನ ನಮ್ಮ ಚಿಕ್ಕಪ್ಪ ಬೆಳಗ್ಗೆ ಏಳಕ್ಕೇ ಹಾಜರ್. ಚಿಕ್ಕಪ್ಪ ರಿಟೈರಾಗಿ ಹತ್ತು ವರ್ಷ ಆಯ್ತು, ಊರಲ್ಲಿ ಯಾರ ಮನೇಲಿ ಕಟ್ಟಡದ ಕೆಲಸ ಆದ್ರೂ ಒಂದು ಕುರ್ಚಿ ಹಾಕ್ಕೊಂಡು ಕೂರ್ತಾರೆ. ಮೇಸ್ತ್ರಿ ಮೊದಲ್ನೇ ಶೀಟು ಪೂರ್ವದ ತುದಿಗೆ ಏರಿಸಿದ್ದು ನೋಡಿ, ‘ಪೂರ್ವದಿಂದ ಶುರು ಮಾಡಿದ್ದು ಒಳ್ಳೇದಾಯ್ತು ನೋಡು, ಕೆಲ್ಸ ಗೊತ್ತಿದ್ದೋನು’ ಅಂದ್ರು. ಮೇಸ್ತ್ರಿ ಮೇಲಿಂದಲೇ, ‘ಶಾಸ್ತ್ರಕ್ಕಲ್ಲ ಯಜಮಾನ್ರೇ, ಗಾಳಿಗೆ’ ಅಂದ. ಮಳೆಗಾಲದ ಗಾಳಿ ನಮಗೆ ನೈರುತ್ಯದಿಂದ ಬರೋದು. ಗಾಳಿ ಬರೋ ಕಡೆಗೆ ಬೆನ್ನಾಗಿರೋ ತುದಿಯಿಂದ ಶುರು ಮಾಡಿ ಪಶ್ಚಿಮಕ್ಕೆ ಬರ್ತಾ ಬರ್ತಾ ಪ್ರತಿ ಹೊಸ ಶೀಟನ್ನೂ ಹಿಂದಿನದರ ಮೇಲೆ ಹೊದಿಸಬೇಕಂತೆ, ಆಗ ಮೇಲಿನ ಶೀಟಿನ ಬಾಯಿ ಗಾಳಿಗೆ ವಿರುದ್ಧ ತೆರ್ಕೊಂಡಿರಲ್ಲ. ಬೆಕ್ಕಿನ ಮೈ ಸವರಿದ ಹಾಗೆ ಅನ್ಕೊಳ್ಳಿ, ಕೂದಲು ಮಲಗಿದ ಕಡೆಗೆ ಸವರಿದ್ರೆ ಸುಮ್ನಿರುತ್ತೆ, ಎದುರು ಸವರಿದ್ರೆ ಎಲ್ಲಾ ಎದ್ದು ನಿಲ್ಲುತ್ತೆ.

ಇನ್ನೊಂದು ವಿಷಯ ನಾನು ಕೇಳೇ ಇರಲಿಲ್ಲ. ಬಣ್ಣದ ಶೀಟಿನ ಎರಡು ಅಂಚು ನೋಡೋಕೆ ಒಂದೇ ಥರ ಇರುತ್ತೆ, ಆದ್ರೆ ಒಂದೇ ಅಲ್ಲ. ಒಂದು ಅಂಚಿನ ಉಬ್ಬಿನಲ್ಲಿ ಸಣ್ಣ ಗೀರಿನಂಥ ಕಾಲುವೆ ಇರುತ್ತೆ, ಆ ಅಂಚು ಯಾವಾಗ್ಲೂ ಅಡಿಗೆ ಹೋಗ್ಬೇಕು. ಯಾಕೆ ಅಂದ್ರೆ ಎರಡು ತಗಡು ತೀರಾ ಅಪ್ಪಿ ಕೂತ್ರೆ ಸಂದಿನಲ್ಲಿ ನೀರು ಮೇಲಕ್ಕೆ ಏರುತ್ತೆ, ದೀಪದ ಬತ್ತಿ ಎಣ್ಣೆ ಹೀರುತ್ತಲ್ಲ ಹಾಗೆ. ಆ ಕಾಲುವೆಗೆ ಬಂದ ತಕ್ಷಣ ಸಂದಿ ಅಗಲ ಆಗಿ ಏರೋದು ನಿಂತು ಅಲ್ಲಿಂದ ಕೆಳಕ್ಕೆ ಹರಿದು ಹೋಗುತ್ತೆ. ನಾವು ಸಂದಿ ಬಿಗಿಯಾದಷ್ಟೂ ಒಳ್ಳೇದು ಅಂತಿರ್ತೀವಿ.

ಸಂದಿಗೆ ಟ್ಯೂಬಿನ ಸಿಲಿಕಾನ್ ಬಳೀರಿ ಅಂತ ಚಿಕ್ಕಪ್ಪನ ಸಲಹೆ ಬಂತು. ಮೇಸ್ತ್ರಿ ಟ್ಯೂಬ್ ಮೂಸಿ ನೋಡಿ ವಾಪಸ್ ಕೊಟ್ಟ. ವಿನಿಗರ್ ವಾಸನೆ ಬರೋ ಸಿಲಿಕಾನಲ್ಲಿ ಹುಳಿ ಇರುತ್ತಂತೆ, ಅದು ತಗಡಿನ ಮೇಲಿನ ಸತುವಿನ ಲೇಪ ತಿನ್ನುತ್ತೆ. ಹಿತ್ತಾಳೆ ಪಾತ್ರೇಲಿ ಮಜ್ಜಿಗೆ ಇಟ್ಟಂಗೆ ಅಂತ ಅಮ್ಮ ಒಳಗಿಂದ ಹೇಳಿದ್ರು, ಅವರಿಗೆ ಮಾತ್ರ ಒಂದೇ ಸಲಕ್ಕೆ ಅರ್ಥ ಆಗಿದ್ದು. (ಅಮ್ಮನ ಪ್ರಕಾರ ಯಾವ ಬಣ್ಣ ಬಳಿದ್ರೂ, ಏನು ಹೆಸರಿಟ್ಟು ಮಾರಿದ್ರೂ ಇದು ತಗಡು.) ಆ ಸತು ಬಡಪಾಯಿ ಬಗ್ಗೆ ಒಂದು ಮಾತು ಹೇಳ್ಬೇಕು. ಪೇಂಟ್ ಥರ ಬರೀ ಮುಚ್ಕೊಂಡು ಕೂರೋದಲ್ಲ ಅದು, ಎಲ್ಲಾದ್ರೂ ಗೀರಾಗಿ ಕಬ್ಬಿಣ ಕಾಣಿಸಿದ್ರೆ ಅಕ್ಕಪಕ್ಕದ ಸತು ತಾನು ಸವೆದು ಕಬ್ಬಿಣಾನ ಉಳಿಸುತ್ತೆ. 1837ರಲ್ಲಿ ಫ್ರಾನ್ಸಿನ ಸೊರೆಲ್ ಅನ್ನೋರು ಕಬ್ಬಿಣವನ್ನ ಕಾದ ಸತುವಿನಲ್ಲಿ ಅದ್ದಿ ತೆಗೆಯೋದಕ್ಕೆ ಪೇಟೆಂಟ್ ತಗೊಂಡ್ರು. ತಗಡನ್ನ ಅಲೆ ಅಲೆಯಾಗಿ ಮಡಿಸೋದು ಅದಕ್ಕೂ ಮುಂಚೆ, 1829ರಲ್ಲಿ ಲಂಡನ್ನಿನ ಬಂದರಿನ ಎಂಜಿನಿಯರ್ ಪಾಮರ್ ಅನ್ನೋರದ್ದು. ಕಾಗದಾನ ಬೀಸಣಿಗೆ ಥರ ಮಡಿಸಿದ್ರೆ ಭಾರ ಹೊರುತ್ತಲ್ಲ, ಅಷ್ಟೇ ಗುಟ್ಟು.

ಆ ಅಲೆಯಿಂದಲೇ ನಮ್ಮನೇಲಿ ದೊಡ್ಡ ಜಗಳ ಆಗಿದ್ದು. ಸ್ಕ್ರೂ ಹೊಡೆಯೋದು ಉಬ್ಬಿಗೋ ತಗ್ಗಿಗೋ?

ಚಿಕ್ಕಪ್ಪನ ಕಾಲದ ಜಿಂಕ್ ಶೀಟಿಗೆ ಜೆ ಹುಕ್ ಬರ್ತಿತ್ತು, ಪಕಾಸಿಗೋ ಪೈಪಿಗೋ ಕೆಳಗಿಂದ ಕೊಕ್ಕೆ ಹಾಕಿ, ಮೇಲೆ ಉಬ್ಬಿನಲ್ಲಿ ತೂತು ಮಾಡಿ, ಡಾಂಬರಿನ ವಾಷರ್ ಇಟ್ಟು ನಟ್ಟು ಬಿಗಿಯೋದು. ಯಾವಾಗ್ಲೂ ಉಬ್ಬಿಗೇ. ಇವನು ನೋಡಿದ್ರೆ ಶೀಟು ಪರ್ಲಿನ್ನಿಗೆ ತಾಗಿ ಕೂತಿರೋ ತಗ್ಗಿನಲ್ಲಿ, ತುದೀಲಿ ಡ್ರಿಲ್ಲಿನ ಥರ ಮೊನೆ ಇರೋ ಸ್ಕ್ರೂ ಇಟ್ಟು, ಅದು ತಾನೇ ಕೊರ್ಕೊಂಡು ತಾನೇ ಒಳಗೆ ಹೋಗಿ, ಜುಯ್ಯ್ ಅಂತ ಎರಡು ಸೆಕೆಂಡಲ್ಲಿ ಮುಗಿಸ್ತಾ ಹೋದ. ಚಿಕ್ಕಪ್ಪ ಕುರ್ಚಿಯಿಂದ ಎದ್ದೇ ಬಿಟ್ರು. ‘ಅಲ್ಲ ಮಾರಾಯ, ನೀರು ಹರಿಯೋ ಜಾಗದಲ್ಲೇ ತೂತಾ? ಗದ್ದೆ ಬದು ಒಡೆದು ನೀರು ನಿಲ್ಲಿಸ್ತೀನಿ ಅಂದಂಗಾಯ್ತು!’

ಮೇಸ್ತ್ರಿ ಇಳಿದು ಬಂದು ಕಾಫಿ ಲೋಟ ಹಿಡ್ಕೊಂಡು ಸಮಾಧಾನವಾಗಿ ಹೇಳಿದ. ಉಬ್ಬಿನ ಅಡಿ ಖಾಲಿ ಇರುತ್ತೆ, ಅಲ್ಲಿ ಬಿಗಿದ್ರೆ ಉಬ್ಬು ಅಪ್ಪಚ್ಚಿ ಆಗುತ್ತೆ, ಉದ್ದ ಸ್ಕ್ರೂ ಗಾಳಿಗೆ ಅಲ್ಲಾಡಿ ಅಲ್ಲಾಡಿ ತೂತು ದೊಡ್ಡದಾಗುತ್ತೆ. ತಗ್ಗಿನಲ್ಲಿ ಆದ್ರೆ ತಗಡು ಪರ್ಲಿನ್ನಿಗೆ ಅಂಟಿ ಕೂತಿರುತ್ತೆ, ರಬ್ಬರ್ ವಾಷರ್ ಸರಿಯಾಗಿ ಕೂತ್ರೆ ನೀರು ಮೇಲೆ ಹರಿದು ಹೋಗುತ್ತೆ ಅಷ್ಟೇ. ಶೀಟಿಗೆ ಶೀಟು ಸೇರೋ ಕಡೆ ಸಣ್ಣ ಸ್ಕ್ರೂ ಉಬ್ಬಿಗೇ ಹೊಡೀತೀನಲ್ಲ, ಅದು ನಿಮ್ಮ ಲೆಕ್ಕದ್ದೇ ಅಂದ. ನನ್ನ ಕೇಳಿದ್ರೆ ಇಬ್ರೂ ಸರಿ, ಒಬ್ರು ನೀರಿಗೆ ಹೆದರಿದೋರು, ಒಬ್ಬ ಗಾಳಿಗೆ ಹೆದರಿದೋನು. ಚಿಕ್ಕಪ್ಪ ಒಪ್ಪಲಿಲ್ಲ. ಕೊನೆಗೆ ಹಿರಿಯರ ಮಾತಿಗೆ ಬೆಲೆ ಕೊಟ್ಟಂಗಾಗ್ಲಿ ಅಂತ ಮೇಸ್ತ್ರಿ ಒಂದು ಉದ್ದದ ಸ್ಕ್ರೂ ಹುಡುಕಿ ತಂದು ಅಡುಗೆಮನೆ ಮೇಲೆ ಎಲ್ಲೋ ಒಂದು ಉಬ್ಬಿಗೆ ಹೊಡೆದ. ಚಿಕ್ಕಪ್ಪ ‘ಹಾಂ’ ಅಂತ ಊಟಕ್ಕೆ ಹೋದ್ರು. ಅವರು ಗೇಟು ದಾಟಿದ ಮೇಲೆ ಉಳಿದ ಎಲ್ಲಾ ಸ್ಕ್ರೂ ತಗ್ಗಿಗೇ ಬಿತ್ತು.

ನಿಜವಾದ ಕೈಚಳಕ ಇರೋದು ಉಬ್ಬು ತಗ್ಗಿನಲ್ಲಲ್ಲ, ಎಲ್ಲಿ ನಿಲ್ಲಿಸ್ಬೇಕು ಅನ್ನೋದ್ರಲ್ಲಿ ಅಂತ ನನಗೆ ಅನ್ಸಿದ್ದು. ಸ್ಕ್ರೂ ತಲೆ ಅಡಿ ಕಪ್ಪು ರಬ್ಬರ್ ವಾಷರ್ ಇರುತ್ತೆ, ಕಮ್ಮಿ ಬಿಗಿದ್ರೆ ನೀರು ನುಸುಳುತ್ತೆ, ಜಾಸ್ತಿ ಬಿಗಿದ್ರೆ ರಬ್ಬರ್ ಹಿಸುಕಿ ಹೊರಗೆ ಬಂದು ಎರಡು ಬಿಸಿಲಿಗೆ ಸೀಳುತ್ತೆ, ಜೊತೆಗೆ ತಗಡು ಬಟ್ಟಲಿನ ಥರ ಕುಳಿ ಬಿದ್ದು ನೀರು ಅಲ್ಲೇ ನಿಲ್ಲುತ್ತೆ. ರಬ್ಬರ್ ಅಂಚು ತಲೆಯಿಂದ ಒಂಚೂರು ಇಣುಕಿದ ತಕ್ಷಣ ಕೈ ತೆಗೀಬೇಕು. ಮೇಸ್ತ್ರಿ ಜೊತೆ ಬಂದ ಹುಡುಗ ಹೊಸಬ, ಮಷಿನ್ ಸಿಕ್ಕಿದ ಖುಷೀಲಿ ಒತ್ತಿದ್ದೇ ಒತ್ತಿದ್ದು, ಮೇಸ್ತ್ರಿ ಶಬ್ದ ಕೇಳೇ ಬೈತಿದ್ದ, ‘ಏಯ್, ಸಾಕು, ಅತ್ತಂಗೆ ಕೇಳ್ತಿದೆ ಅದು.’

ಸಂಜೆ ಇಳಿಯೋ ಮುಂಚೆ ಅವನು ಇಡೀ ಮಾಡನ್ನ ಮೆತ್ತಗಿನ ಪೊರಕೇಲಿ ಗುಡಿಸಿದ. ಶೀಟು ಗುಡಿಸೋದಾ ಅಂತ ನಗು ಬಂತು. ಕೊರೆದಾಗ ಉದುರಿದ ಕಬ್ಬಿಣದ ಪುಡಿ ಹಾಗೇ ಬಿಟ್ರೆ ರಾತ್ರಿ ಇಬ್ಬನಿಗೆ ತುಕ್ಕು ಹಿಡಿದು ಹೊಸ ಬಣ್ಣದ ಮೇಲೆ ಕೆಂಪು ಚುಕ್ಕೆ ಕೂರುತ್ತಂತೆ.

ಆ ರಾತ್ರಿಯಿಂದ ಮನೆ ಮಾತಾಡೋಕೆ ಶುರು ಮಾಡ್ತು. ಹೊತ್ತು ಮುಳುಗಿ ತಣ್ಣಗಾಗ್ತಾ ಬಂದಂಗೆ ಟಕ್, ಟಕ್. ನಮ್ಮ ಶೀಟು 18 ಅಡಿ ಉದ್ದ, ಬಿಸಿಲಿಗೂ ರಾತ್ರಿಗೂ 40 ಡಿಗ್ರಿ ವ್ಯತ್ಯಾಸ ಆದ್ರೆ ಎರಡೂವರೆ ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತೆ, ಸ್ಕ್ರೂಗಳು ಬಿಡ್ತಿಲ್ಲ, ಅದು ಕೇಳ್ತಿಲ್ಲ. ಅಮ್ಮ ಮೊದಲ ಎರಡು ದಿನ ಯಾರೋ ಬಂದ್ರು ಅಂತ ಬಾಗಿಲು ತೆಗೆದು ನೋಡಿದ್ರು.

ಜೂನಲ್ಲಿ ಮಳೆ ಹಿಡೀತು. ಶೀಟಿನ ಅಡಿ ಮಳೆ ಅಂದ್ರೆ ಗೊತ್ತಲ್ಲ, ಟೀವಿ ಬಾಯಿ ಆಡ್ಸುತ್ತೆ ಅಷ್ಟೇ, ಮಾತು ಕೇಳಲ್ಲ. 600 ತೂತಿನ ಅಡಿಗೆ ನಾನು ಟಾರ್ಚ್ ಹಿಡ್ಕೊಂಡು ಒಂದೊಂದೇ ಸಾಲು ನೋಡ್ತಾ ಓಡಾಡಿದೆ. ಒಂದು ಹನಿ ಇಲ್ಲ. ಮಲಗೋಣ ಅಂತ ಹೋಗುವಾಗ ಅಡುಗೆಮನೆ ಕಡೆಯಿಂದ ಅಮ್ಮ ಕೂಗಿದ್ರು, ಒಲೆ ಕಟ್ಟೆ ಮೇಲೆ ಟಪ್ ಟಪ್ ಅಂತ ಸರಿಯಾಗಿ ಲೆಕ್ಕ ಹಾಕಿದಂಗೆ ಬೀಳ್ತಿತ್ತು. ಪಾತ್ರೆ ಇಟ್ವಿ. ಬೆಳಗ್ಗೆ ಮಳೆ ಒಂಚೂರು ನಿಂತಾಗ ಏಣಿ ಹಾಕಿ ಹತ್ತಿ ನೋಡಿದ್ರೆ ಉಬ್ಬಿನ ಮೇಲೆ ಒಂದು ಖಾಲಿ ತೂತು. ಅವತ್ತು ಹೊಡೆದ ಉದ್ದದ ಸ್ಕ್ರೂದು. ಉಬ್ಬಿನ ಮೇಲಿಂದ ಹೊಡೆದಿದ್ದಕ್ಕೆ ಪರ್ಲಿನ್ ತಪ್ಪಿ ಪಕ್ಕಕ್ಕೆ ಹೋಗಿದೆ, ಹಿಡಿದಿಲ್ಲ, ಮೇಸ್ತ್ರಿ ಬಿಚ್ಚಿ ಜೇಬಿಗೆ ಹಾಕ್ಕೊಂಡಿದಾನೆ, ತೂತು ಮುಚ್ಚೋಕೆ ಮರ್ತಿದಾನೆ.

ಅದಕ್ಕೆ ರಬ್ಬರ್ ವಾಷರಿನ ಒಂದು ಗಿಡ್ಡ ಸ್ಕ್ರೂ ತಿರುಗಿಸಿ ಇಳಿಯುವಷ್ಟರಲ್ಲಿ ಕೊಡೆ ಹಿಡ್ಕೊಂಡು ಚಿಕ್ಕಪ್ಪ ಅಂಗಳದಲ್ಲಿ ನಿಂತಿದ್ರು. ‘ಸೋರ್ತಾ? ತಗ್ಗಿನಲ್ಲೇ ತಾನೇ? ನಾನು ಅವತ್ತೇ ಹೇಳಿದ್ದೆ’ ಅಂದ್ರು. ಅಷ್ಟರಲ್ಲಿ ಮತ್ತೆ ಮಳೆ ಜೋರಾಯ್ತು, ಶೀಟಿನ ಸದ್ದಿಗೆ ಏನೂ ಕೇಳಿಸ್ದೇ ಇರೋ ಥರ ನಾನು ಕಿವಿಗೆ ಕೈ ಇಟ್ಟು, ಬನ್ನಿ ಚಿಕ್ಕಪ್ಪ, ಕಾಫಿ ಕುಡಿಯೋಣ ಅಂದೆ.