ಒತ್ತಕ್ಷರಗಳಿಗೆ ಸ್ವಾತಂತ್ರ್ಯ

ಆನ್‌ಲೈನ್ ಅರ್ಜಿಯಲ್ಲಿ 'ಲಕ್ಷ್ಮಮ್ಮ' ಎಂದು ಟೈಪ್ ಮಾಡಿ. ಪರದೆಯ ಮೇಲೆ ಲಕ್ಷ್ಮಮ್ಮ ಲಕ್ಷಣವಾಗಿಯೇ ಇರುತ್ತಾರೆ. 'ಪಿಡಿಎಫ್ ಡೌನ್‌ಲೋಡ್' ಒತ್ತಿದ ಕೂಡಲೇ ಹೊರಬರುವ ಪ್ರಮಾಣಪತ್ರದಲ್ಲಿ ಮಾತ್ರ 'ಲಕ್‌ಷ್‌ಮಮ್‌ಮ' ಎಂಬ ಇನ್ನೊಬ್ಬರು ಕುಳಿತಿರುತ್ತಾರೆ. ಗ್ರಹಚಾರ ಕೆಟ್ಟಿದ್ದರೆ ಹೆಸರೇ ಇಲ್ಲ, ಸಾಲಾಗಿ ಖಾಲಿ ಚೌಕಗಳು. ಕೌಂಟರಿನಲ್ಲಿ ಕೇಳಿದರೆ ಉತ್ತರ ಸಿದ್ಧ: "ಕಂಪ್ಯೂಟರ್ ಹಿಂಗೇ ಕೊಡೋದಮ್ಮ. ಎರಡೂ ಹೆಸರು ಒಬ್ಬರದೇ ಅಂತ ಒಂದು ಅಫಿಡವಿಟ್ ಮಾಡಿಸ್ಕೊಂಡು ಬನ್ನಿ."

ಸರ್ವರಿನ ತಪ್ಪಿಗೆ ಲಕ್ಷ್ಮಮ್ಮ ನೋಟರಿಯ ಮುಂದೆ ಪ್ರಮಾಣ ಮಾಡಬೇಕು.

ಚೌಕ ಬರುವುದು ಒಂದು ಕಾಯಿಲೆ, ಒತ್ತಕ್ಷರ ಬಿಡಿಬಿಡಿಯಾಗುವುದು ಬೇರೆಯೇ ಕಾಯಿಲೆ. ಚೌಕ ಕಂಡರೆ ಫಾಂಟೇ ಇಲ್ಲ ಎಂದರ್ಥ. ನಿಮ್ಮ ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಲ್ಲೇ ತುಂಗಾ ಎಂಬ ಕನ್ನಡ ಫಾಂಟ್ ಇತ್ತು, ಆಮೇಲೆ ನಿರ್ಮಲಾ ಬಂದಳು. ಪುಟದಲ್ಲಿ ಏರಿಯಲ್ ಎಂದು ಬರೆದಿದ್ದರೂ ಬ್ರೌಸರ್ ಸದ್ದಿಲ್ಲದೆ ಇವರಲ್ಲೊಬ್ಬರನ್ನು ಕರೆತಂದು ಮಾನ ಕಾಯುತ್ತದೆ. ಆದರೆ ಪಿಡಿಎಫ್ ತಯಾರಾಗುವುದು ನಿಮ್ಮ ಕಂಪ್ಯೂಟರಿನಲ್ಲಲ್ಲ, ಎಲ್ಲೋ ಇರುವ ಲಿನಕ್ಸ್ ಸರ್ವರಿನಲ್ಲಿ. ಜಾಗ ಉಳಿಸಲೆಂದು ಬೋಳಿಸಿಟ್ಟ ಡಾಕರ್ ಇಮೇಜಿನಲ್ಲಿ (ಸರ್ವರಿನ ತಂತ್ರಾಂಶ ಕಟ್ಟಿಟ್ಟ ಪೊಟ್ಟಣ) ಕನ್ನಡವಿರಲಿ, ಕೆಲವೊಮ್ಮೆ ಯಾವ ಫಾಂಟೂ ಇರುವುದಿಲ್ಲ. ಉಬುಂಟು ಅಥವಾ ಡೆಬಿಯನ್ ಆದರೆ ನೋಟೋ ಇಲ್ಲವೇ ಲೋಹಿತ್ ಕನ್ನಡದ ಪ್ಯಾಕೇಜ್ ಹಾಕಿ, ಫಾಂಟ್ ಪಟ್ಟಿ ಹೊಸದಾಗಿಸುವ ಎಫ್‌ಸಿ-ಕ್ಯಾಶ್ ಓಡಿಸಿ, ಆ ಪಟ್ಟಿ ತೋರಿಸುವ ಎಫ್‌ಸಿ-ಲಿಸ್ಟ್‌ಗೆ ಭಾಷೆ 'ಕೆಎನ್' ಎಂದು ಕೊಟ್ಟು ಹೆಸರು ಬರುತ್ತದೆಯೇ ನೋಡಿದರೆ ಮುಗಿಯಿತು. ದುಡ್ಡಿಲ್ಲ, ಐದು ನಿಮಿಷದ ಕೆಲಸ. ತೊಂದರೆ ಇರುವುದೇ ಅಲ್ಲಿ: ಇಷ್ಟು ಸಣ್ಣದಕ್ಕೆ ಟೆಂಡರ್ ಕರೆಯಲಾಗುವುದಿಲ್ಲ.

ಫಾಂಟ್ ಇದ್ದೂ ಒತ್ತಕ್ಷರ ಪಕ್ಕಕ್ಕೆ ಜಾರಿದರೆ ತಪ್ಪು ಪಿಡಿಎಫ್ ಕಟ್ಟುವ ಲೈಬ್ರರಿಯದು, ಅಂದರೆ ಸಿದ್ಧ ಕೋಡಿನ ಕಟ್ಟಿನದು. ಯಾವ ಅಕ್ಷರ ಯಾವುದರ ಕೆಳಗೆ ಕೂರಬೇಕು, ಅರ್ಕಾವತ್ತು ಎಲ್ಲಿಗೆ ಹೋಗಬೇಕು ಎಂಬ ನಿಯಮವೆಲ್ಲ ಫಾಂಟಿನೊಳಗೇ ಇದೆ. ಡಾಂಪಿಡಿಎಫ್, ಜೆಎಸ್‌ಪಿಡಿಎಫ್ ತರಹದವು ಅದನ್ನು ಓದುವುದೇ ಇಲ್ಲ, ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಜೋಡಿಸಿಬಿಡುತ್ತವೆ. ಎಂಪಿಡಿಎಫ್‌ಗೆ ಓದಲು ಬರುತ್ತದೆ, ಆದರೆ ಫಾಂಟ್ ಸೇರಿಸುವಾಗ 'ಯೂಸ್ ಒಟಿಎಲ್' ಸ್ವಿಚ್ ಹಾಕಬೇಕು. ಯಾರೂ ಹಾಕುವುದಿಲ್ಲ. ಡಬ್ಲ್ಯೂಕೆ-ಎಚ್‌ಟಿಎಂಎಲ್-ಟು-ಪಿಡಿಎಫ್ ಎಂಬ ಹಿರಿಯರು 2023ರಲ್ಲೇ ನಿವೃತ್ತರಾದರು, ರಿಪೇರಿ ಮಾಡುವವರೂ ಇಲ್ಲ. ನಿವೃತ್ತರನ್ನು ಗುತ್ತಿಗೆಯ ಮೇಲೆ ಮತ್ತೆ ಕರೆದುಕೊಳ್ಳುವುದು ನಮ್ಮ ಸಂಪ್ರದಾಯವಾದ್ದರಿಂದ ಅವರಿನ್ನೂ ದಿನಕ್ಕಿಷ್ಟು ಪ್ರಮಾಣಪತ್ರ ಕೆಡಿಸುತ್ತಲೇ ಇದ್ದಾರೆ. ಹೆಡ್‌ಲೆಸ್ ಕ್ರೋಮ್ (ಪರದೆಯಿಲ್ಲದೆ ಓಡುವ ಬ್ರೌಸರ್) ಅಥವಾ ವೀಸಿಪ್ರಿಂಟ್ ಎಂಬ ಪಿಡಿಎಫ್ ಉಪಕರಣ ಬಳಸಿದರೆ ಲಕ್ಷ್ಮಮ್ಮ ಮತ್ತೆ ಒಬ್ಬರೇ ಆಗುತ್ತಾರೆ.

ಕ್ರೋಮ್ ಬಂದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ವೆಬ್‌ಫಾಂಟ್ ಇಳಿದು ಮುಗಿಯುವ ಮೊದಲೇ ಮುದ್ರಣದ ಆಜ್ಞೆ ಕೊಟ್ಟರೆ ಬದಲಿ ಫಾಂಟೋ ಖಾಲಿ ಜಾಗವೋ ಬರುತ್ತದೆ. 'ಡಾಕ್ಯುಮೆಂಟ್ ಫಾಂಟ್ಸ್ ರೆಡಿ' ಎನ್ನುವವರೆಗೆ ಕಾಯಬೇಕು. ದಪ್ಪಕ್ಷರದ ಫೈಲ್ ಕೊಡದೆ 'ಬೋಲ್ಡ್' ಎಂದರೆ ಬ್ರೌಸರ್ ತಾನೇ ಮಸಿ ಬಳಿಯುತ್ತದೆ, 'ಷ್ಟ್ರ' ಒಂದು ಕಪ್ಪು ಚುಕ್ಕೆಯಾಗುತ್ತದೆ. ಕೋಷ್ಟಕದಲ್ಲಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಿಗಿಂತ ತೀರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ.

ಇದೆಲ್ಲ ತಲೆನೋವೆಂದು ಕಚೇರಿಗಳು ತಮ್ಮದೇ ಶಾಶ್ವತ ಪರಿಹಾರ ಕಂಡುಕೊಂಡಿವೆ. ಸುತ್ತೋಲೆಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡು, ಪ್ರಿಂಟ್ ತೆಗೆ, ಸೀಲು ಹಾಕು, ಓರೆಯಾಗಿ ಸ್ಕ್ಯಾನ್ ಮಾಡು, ಜಾಲತಾಣಕ್ಕೆ ಏರಿಸು. ಅಕ್ಷರ ಒಡೆಯುವ ಪ್ರಶ್ನೆಯೇ ಇಲ್ಲ, ಏಕೆಂದರೆ ಅದರಲ್ಲಿ ಅಕ್ಷರವೇ ಇಲ್ಲ, ಚಿತ್ರ. ಹುಡುಕಿದರೆ ಸಿಗದು, ಕುರುಡರ ಸ್ಕ್ರೀನ್ ರೀಡರಿಗೆ ಅದೊಂದು ಬಿಳಿ ಹಾಳೆ. ಸ್ಕ್ಯಾನ್ ಮಾಡದೆ ನೇರ ಪಿಡಿಎಫ್ ಕೊಟ್ಟರೆ ಇನ್ನೂ ಸೊಗಸು: ಅದರಿಂದ 'ಕನ್ನಡ' ಎಂಬ ಪದ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ ನೋಡಿ. ಹಳೆಯ ನುಡಿ ಇಂಗ್ಲಿಷಿನ ಅಕ್ಷರ-ಸಂಕೇತಗಳ ಮನೆಗಳಲ್ಲೇ ಬಾಡಿಗೆಗಿದ್ದದ್ದರಿಂದ 'ನ' ಇದ್ದ ಕಡೆ ಬ್ರಿಟಿಷ್ ಪೌಂಡಿನ ಚಿಹ್ನೆ, ಅದರ ಒತ್ತಿನ ಕಡೆ ಜರ್ಮನ್ನರ ಜೋಡಿ ಎಸ್. ಜಗತ್ತಿನ ಲಿಪಿಗಳಿಗೆ ಸಂಕೇತ ಹಂಚುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬಡಾವಣೆ ಕೊಟ್ಟಿದೆ. ಹಕ್ಕುಪತ್ರ ಬಂದು ಇಷ್ಟು ವರ್ಷವಾದರೂ ಗೃಹಪ್ರವೇಶದ ಕಡತ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ.

ಗುತ್ತಿಗೆದಾರನನ್ನು ಬೈದು ಫಲವಿಲ್ಲ. ಪಿಡಿಎಫ್ ಕೊಡತಕ್ಕದ್ದು ಎಂದು ಷರತ್ತಿತ್ತು, ಕೊಟ್ಟ. ಓದಲು ಬರತಕ್ಕದ್ದು ಎಂದು ಯಾರೂ ಬರೆದಿರಲಿಲ್ಲ. ಮುಂದಿನ ಸಲ ಷರತ್ತಿನಲ್ಲಿ ಐದು ಪದ ಸೇರಿಸಿ: ಸ್ತ್ರೀ, ಕೃಷ್ಣ, ರಾಷ್ಟ್ರ, ಅರ್ಕಾವತಿ, ಸಾಫ್ಟ್‌ವೇರ್. ಐದೂ ಸಾದಾ ಮತ್ತು ದಪ್ಪ ಅಕ್ಷರಗಳಲ್ಲಿ ಮುದ್ರಣವಾಗಬೇಕು. ಪಿಡಿಎಫ್‌ಫಾಂಟ್ಸ್ ಎಂಬ ಪುಟ್ಟ ಉಪಕರಣ ಓಡಿಸಿದರೆ ಪ್ರತಿ ಫಾಂಟಿನ ಮುಂದೆ 'ಇಎಂಬಿ' ಕಾಲಂನಲ್ಲಿ 'ಯೆಸ್' ಇರಬೇಕು. ಇಲ್ಲದಿದ್ದರೆ ಫಾಂಟ್ ಫೈಲಿನೊಳಗೆ ಬಂದಿಲ್ಲ, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಮತ್ತದೇ ಚೌಕ. ಇಷ್ಟನ್ನು ನೋಡಿಕೊಂಡು ಆಮೇಲೆ ಬಿಲ್ಲಿಗೆ ಸಹಿ ಹಾಕಿ.